ಡಬ್ಲ್ಯೂ. ಎಸ್. ಗಿಲ್ಬರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಲ್ಬರ್ಟ್ ಯಾರು?

ವಿಲಿಯಂ ಶ್ವೆಂಕ್ ಗಿಲ್ಬರ್ಟ್ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ನಾಟಕಕಾರ. ಹುಟ್ಟಿದ್ದು 1836ರ ನವೆಂಬರ್ 18ರಂದು, ಲಂಡನ್ನಿನ ಸ್ಟ್ರ್ಯಾಂಡ್ ರಸ್ತೆಯ ಪಕ್ಕದ ಸೌತಾಂಪ್ಟನ್ ಬೀದಿಯಲ್ಲಿ. ಪ್ರಹಸನ, ಗಂಭೀರ ನಾಟಕ, ಹಾಸ್ಯಪದ್ಯ ಎಲ್ಲವನ್ನೂ ಬರೆದ. ಇವತ್ತಿಗೂ ಅವನ ಹೆಸರು ಉಳಿದಿರುವುದು ಮುಖ್ಯವಾಗಿ ಸಂಗೀತಗಾರ ಆರ್ಥರ್ ಸಲಿವನ್ ಜೊತೆ ಮಾಡಿದ 14 ಹಾಸ್ಯ ಆಪರಾಗಳಿಂದ, ಅಂದರೆ ಸಂಗೀತ ನಾಟಕಗಳಿಂದ. ಕತೆ, ಸಂಭಾಷಣೆ, ಹಾಡಿನ ಮಾತು ಗಿಲ್ಬರ್ಟನವು; ಸಂಗೀತ ಸಲಿವನ್‌ನದು; ದುಡ್ಡು ಹಾಕಿ ಕಂಪನಿ ನಡೆಸಿದವನು ರಿಚರ್ಡ್ ಡಾಯ್ಲಿ ಕಾರ್ಟ್.

ಲಿಬ್ರೆಟೊ ಅಂದರೇನು? ಹಾಡು ಬರೆಯುವುದಷ್ಟೇ ತಾನೇ?

ಅಲ್ಲ. ನಮ್ಮ ಸಂಗೀತದಲ್ಲಿ ಕೀರ್ತನೆಯ ಮಾತಿಗೆ ‘ಸಾಹಿತ್ಯ’ ಎನ್ನುತ್ತೇವಲ್ಲ, ಲಿಬ್ರೆಟೊ ಎಂದರೆ ಇಡೀ ಆಪರಾದ ಅಂಥ ಸಾಹಿತ್ಯ. ಕತೆಯ ಹಂದರ, ಅಂಕಗಳ ವಿಭಾಗ, ಮಾತು, ಹಾಡು, ಮೇಳದವರು ಯಾವಾಗ ಬಂದು ಯಾವಾಗ ಹೋಗಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಗಿಲ್ಬರ್ಟ್ ಮೊದಲು ಕತೆಯನ್ನು ಸಣ್ಣಕತೆಯ ಹಾಗೆ ಗದ್ಯದಲ್ಲಿ ಬರೆದು, ತಿದ್ದಿ, ಮತ್ತೆ ಬರೆಯುತ್ತಿದ್ದ. ಗಂಟುಗಳೆಲ್ಲ ಬಿಗಿಯಾದ ಮೇಲೆ ಹಾಡಿಗೆ ಕೈ ಹಾಕುತ್ತಿದ್ದ. ಅವನ ಕತೆ ಎಷ್ಟೇ ವಿಚಿತ್ರವಾಗಿದ್ದರೂ ಸಡಿಲ ಅನ್ನಿಸದಿರುವುದಕ್ಕೆ ಈ ತಯಾರಿಯೇ ಕಾರಣ.

ನಾಟಕಕ್ಕೆ ಬರುವ ಮೊದಲು ಏನು ಮಾಡುತ್ತಿದ್ದ?

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿದ. ಕ್ರಿಮಿಯಾ ಯುದ್ಧಕ್ಕೆ ತೋಪುದಳ ಸೇರುವ ಆಸೆಯಿತ್ತು, ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಸರ್ಕಾರಿ ಕಚೇರಿಯಲ್ಲಿ ನಾಲ್ಕು ವರ್ಷ ಗುಮಾಸ್ತಿಕೆ ಮಾಡಿದ. ಆ ಕೆಲಸವನ್ನು ಮನಸಾರೆ ದ್ವೇಷಿಸುತ್ತಿದ್ದ. ಆಮೇಲೆ ವಕೀಲನಾದ. ಕಕ್ಷಿದಾರರು ವರ್ಷಕ್ಕೆ ಐದು ಮಂದಿ ಸಿಕ್ಕರೆ ಹೆಚ್ಚು. ಆದರೆ ಕೋರ್ಟಿನ ಭಾಷೆ ಅವನಿಗೆ ಜೀವಮಾನದ ಬಂಡವಾಳವಾಯಿತು.

1861ರಿಂದ ‘ಫನ್’ ಎಂಬ ವಾರಪತ್ರಿಕೆಗೆ ಪದ್ಯ ಬರೆದು, ಅದಕ್ಕೆ ತಾನೇ ಚಿತ್ರ ಬಿಡಿಸಿ, ‘ಬ್ಯಾಬ್’ ಎಂದು ರುಜು ಹಾಕುತ್ತಿದ್ದ. ಅದು ಮನೆಯಲ್ಲಿ ಅವನನ್ನು ಕರೆಯುತ್ತಿದ್ದ ಮುದ್ದಿನ ಹೆಸರು. ಮುಂದಿನ ಆಪರಾಗಳ ಎಷ್ಟೋ ಪಾತ್ರ, ಪ್ರಸಂಗಗಳ ಬೀಜ ಈ ‘ಬ್ಯಾಬ್ ಬ್ಯಾಲಡ್ಸ್’ ಪದ್ಯಗಳಲ್ಲೇ ಇವೆ. ‘ಟ್ರಯಲ್ ಬೈ ಜ್ಯೂರಿ’ ಕೂಡ 1868ರಲ್ಲಿ ಅದೇ ಪತ್ರಿಕೆಯಲ್ಲಿ ಒಂದು ಪುಟದ ತಮಾಷೆಯಾಗಿ ಬಂದಿದ್ದು.

ಅವನ ಹಾಸ್ಯದ ಗುಟ್ಟೇನು?

ಒಂದು ನಿಯಮ ಹಿಡಿದು, ಅದರ ಒಂದಕ್ಷರವನ್ನೂ ಬಿಡದೆ ಕೊನೆಯವರೆಗೆ ಎಳೆಯುವುದು. ಲೋಕ ತಲೆಕೆಳಗಾಗುತ್ತದೆ, ತರ್ಕ ಮಾತ್ರ ನೆಟ್ಟಗೇ ನಿಂತಿರುತ್ತದೆ. ವಕೀಲನ ಬುದ್ಧಿ ಕೆಲಸ ಮಾಡುವುದು ಇಲ್ಲಿ.

‘ಅಯೋಲ್ಯಾಂಥಿ’ ನೋಡಿ. ಮನುಷ್ಯನನ್ನು ಮದುವೆಯಾದ ಪ್ರತಿ ಯಕ್ಷಿಣಿಯೂ ಸಾಯಬೇಕು ಎಂಬುದು ಯಕ್ಷಲೋಕದ ಕಾನೂನು. ಕೊನೆಗೆ ನೋಡಿದರೆ ಮೇಳದ ಯಕ್ಷಿಣಿಯರೆಲ್ಲ ಲಂಡನ್ನಿನ ಪ್ರಭುಗಳನ್ನು ಮದುವೆಯಾಗಿಬಿಟ್ಟಿದ್ದಾರೆ. ಎಲ್ಲರನ್ನೂ ಕೊಲ್ಲುವುದು ಹೇಗೆ ಎಂದು ರಾಣಿ ಕಂಗಾಲಾಗುತ್ತಾಳೆ. ಆಗ ಇಂಗ್ಲೆಂಡಿನ ಕಾನೂನಿನ ದೊಡ್ಡ ಅಧಿಕಾರಿಯಾದ ಲಾರ್ಡ್ ಚಾನ್ಸಲರ್ ಮುಂದೆ ಬಂದು, ಇದಕ್ಕೇಕೆ ಇಷ್ಟು ಚಿಂತೆ, ಕಾನೂನಿನಲ್ಲಿ ಒಂದು ಪದ ಸೇರಿಸಿದರಾಯಿತು ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಪೂರ್ತಿ ನಿಷೇಧಪದ ಬೇಕು. ಕನ್ನಡದಲ್ಲಿ ಒಂದಕ್ಷರ ಸಾಕು: ‘ಮದುವೆಯಾದ’ ಎಂಬಲ್ಲಿ ಒಂದು ‘ಗ’ ತೂರಿಸಿದರೆ ‘ಮದುವೆಯಾಗದ’. ಈಗ ಮನುಷ್ಯನನ್ನು ಮದುವೆಯಾಗದ ಪ್ರತಿ ಯಕ್ಷಿಣಿಯೂ ಸಾಯಬೇಕು! ಜೀವ ಉಳಿಸಿಕೊಳ್ಳಲು ರಾಣಿಯೂ ಕೂಡಲೇ ಗಂಡು ಹುಡುಕಬೇಕಾಗುತ್ತದೆ. ಪಹರೆ ನಿಂತಿದ್ದ ಸಿಪಾಯಿಯೇ ಸಿಗುತ್ತಾನೆ. ಗಿಲ್ಬರ್ಟನ ಪೂರ್ತಿ ಕಸುಬು ಈ ಒಂದು ತಿದ್ದುಪಡಿಯಲ್ಲಿ ಕಾಣುತ್ತದೆ.

‘ರಡಿಗೋರ್’ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಒಂದು ಮನೆತನದ ಯಜಮಾನ ಶಾಪದ ಪ್ರಕಾರ ದಿನಕ್ಕೊಂದು ಅಪರಾಧ ಮಾಡಲೇಬೇಕು, ಒಲ್ಲೆ ಎಂದರೆ ಸಾವು. ನಾಯಕ ವಾದ ಹೂಡುತ್ತಾನೆ: ಸಾಯುತ್ತೇನೆಂದು ಗೊತ್ತಿದ್ದೂ ಒಲ್ಲೆ ಎನ್ನುವುದು ಆತ್ಮಹತ್ಯೆ, ಆತ್ಮಹತ್ಯೆಯೇ ಒಂದು ಅಪರಾಧ, ಅಪರಾಧ ಮಾಡಿದ ಮೇಲೆ ಸಾಯುವ ಮಾತೆಲ್ಲಿ? ಹಾಗಾಗಿ ಹಿಂದೆ ಒಲ್ಲೆ ಎಂದು ಸತ್ತ ಹಿರಿಯನೂ ಸಾಯಲೇಬಾರದಿತ್ತು. ಭೂತವಾಗಿ ಬಂದಿದ್ದ ಆ ಹಿರಿಯ ಇದನ್ನು ಒಪ್ಪಿ, ಬದುಕಿರುವವನ ಹಾಗೆ ಹಳೆಯ ಪ್ರೇಯಸಿಯ ಕೈ ಹಿಡಿಯುತ್ತಾನೆ.

‘ಪೈರೇಟ್ಸ್ ಆಫ್ ಪೆನ್ಜಾನ್ಸ್’ನಲ್ಲಿ 1940ರ ಲೆಕ್ಕ ಹೇಗೆ ಬರುತ್ತದೆ?

ಫ್ರೆಡರಿಕ್ ಎಂಬ ಹುಡುಗನನ್ನು 21ನೆಯ ಹುಟ್ಟುಹಬ್ಬದವರೆಗೆ ಕಡಲ್ಗಳ್ಳರ ಹತ್ತಿರ ಕೆಲಸ ಕಲಿಯಲು ಬಿಟ್ಟಿರುತ್ತಾರೆ. ಹಡಗು ನಡೆಸುವ ಪೈಲಟ್ ಹತ್ತಿರ ಬಿಡು ಎಂದದ್ದು ದಾದಿಯ ಕಿವಿಗೆ ಪೈರೇಟ್ ಎಂದು ಕೇಳಿಸಿದ ಫಲ. 21 ವರ್ಷ ತುಂಬಿತು, ಬಿಡುಗಡೆಯಾಯಿತು ಎಂದುಕೊಳ್ಳುವಾಗ ಕಳ್ಳರು ಕರಾರುಪತ್ರ ತೋರಿಸುತ್ತಾರೆ: ಅದರಲ್ಲಿರುವುದು ವರ್ಷವಲ್ಲ, ಹುಟ್ಟುಹಬ್ಬ. ಅವನು ಹುಟ್ಟಿದ್ದು ಫೆಬ್ರುವರಿ 29ರಂದು. ಆ ಲೆಕ್ಕದಲ್ಲಿ ಅವನಿಗಿನ್ನೂ ಐದೇ.

ಬಿಡುಗಡೆ 1940ರಲ್ಲಿ ಎಂದು ಹಾಡಿನಲ್ಲಿದೆ. 1852ರಲ್ಲಿ ಹುಟ್ಟಿದ ಎಂದಿಟ್ಟುಕೊಳ್ಳಿ. ಮೊದಲ ಹುಟ್ಟುಹಬ್ಬ 1856, ಹನ್ನೊಂದನೆಯದು 1896. 1900 ನೂರರಿಂದ ಭಾಗವಾದರೂ ನಾನೂರರಿಂದ ಭಾಗವಾಗದ ಕಾರಣ ಅಧಿಕ ವರ್ಷವಲ್ಲ. ಅದನ್ನು ಬಿಟ್ಟರೆ ಹನ್ನೆರಡನೆಯದು 1904, ಇಪ್ಪತ್ತೊಂದನೆಯದು ಸರಿಯಾಗಿ 1940. 1900ನ್ನೂ ಸೇರಿಸಿ ಎಣಿಸಿದರೆ ಹುಟ್ಟಿದ ವರ್ಷ 1856 ಆಗಬೇಕು. ಕತೆ 1873ರಲ್ಲಿ ನಡೆಯುತ್ತದೋ 1877ರಲ್ಲೋ ಎಂಬ ಚರ್ಚೆ ಹುಟ್ಟಿರುವುದು ಇದರಿಂದಲೇ. ನಮ್ಮ ಮತ 1873ಕ್ಕೆ, ಏಕೆಂದರೆ ಪಂಚಾಂಗಕ್ಕೆ ಕೂಡುವ ಲೆಕ್ಕ ಅದೊಂದೇ.

ಗಿಲ್ಬರ್ಟ್ ಮತ್ತು ಸಲಿವನ್ ಸೇರಿ ಕೆಲಸ ಮಾಡುತ್ತಿದ್ದದ್ದು ಹೇಗೆ? ಮಾತು ಮೊದಲೋ, ರಾಗ ಮೊದಲೋ?

ಮಾತೇ ಮೊದಲು. ಗಿಲ್ಬರ್ಟ್ ಸಾಹಿತ್ಯ ಕಳಿಸಿದ ಮೇಲೆ ಸಲಿವನ್ ರಾಗಕ್ಕೆ ಕೈ ಹಾಕದೆ, ಮೊದಲು ಲಯ ನಿರ್ಧರಿಸುತ್ತಿದ್ದ. ಒಂದೇ ಸಾಲಿಗೆ ಹಲವು ಬಗೆಯ ಲಯ ಗುರುತು ಹಾಕಿ ನೋಡಿ, ಮಾಮೂಲಿ ಅನ್ನಿಸಿದ್ದನ್ನು ಹೊಡೆದುಹಾಕಿ, ಒಂದನ್ನು ಉಳಿಸಿಕೊಂಡು, ಆಮೇಲೆ ಸ್ವರ ಹಾಕುತ್ತಿದ್ದ. ಗಿಲ್ಬರ್ಟನ ಛಂದಸ್ಸು ಅಷ್ಟು ಖಚಿತವಾಗಿರುತ್ತಿದ್ದರಿಂದ ಈ ಅಪಾಯವಿತ್ತು: ಮಾತಿನ ಲಯವನ್ನೇ ಹಿಂಬಾಲಿಸಿದರೆ ಎಲ್ಲ ಹಾಡೂ ಕುದುರೆ ಓಟದಂತೆ ಕೇಳಿಸುತ್ತದೆ.

ಒಮ್ಮೆ ಮಾತ್ರ ಉಲ್ಟಾ ಆಯಿತು. ‘ಯೋಮನ್ ಆಫ್ ದಿ ಗಾರ್ಡ್’ನ ವಿದೂಷಕನ ಹಾಡಿನಲ್ಲಿ ಚರಣದಿಂದ ಚರಣಕ್ಕೆ ಸಾಲು ಬೆಳೆಯುತ್ತ ಹೋಗುತ್ತದೆ. ಎಷ್ಟು ದಿನ ಗುದ್ದಾಡಿದರೂ ಸಲಿವನ್‌ಗೆ ಅದು ಹಿಡಿಗೆ ಸಿಗಲಿಲ್ಲ. ಬರೆಯುವಾಗ ನಿನ್ನ ತಲೆಯಲ್ಲಿದ್ದ ಧಾಟಿ ಯಾವುದು ಎಂದು ಕೇಳಿದ. ಗಿಲ್ಬರ್ಟ್ ನಾವಿಕರ ಒಂದು ಹಾಡು ಗುನುಗಿ ತೋರಿಸಿದ. ಅಲ್ಲಿಂದ ಹಾಡು ಹೊರಟಿತು.

ಯಾವ ಆಪರಾ ಎಷ್ಟು ದಿನ ಓಡಿತು?

ಮೊದಲನೆಯದು ‘ಥೆಸ್ಪಿಸ್’, 1871ರ ಡಿಸೆಂಬರ್ 26. ಸಂಗೀತ ಬಹುಪಾಲು ಕಳೆದುಹೋಗಿದೆ. ‘ಟ್ರಯಲ್ ಬೈ ಜ್ಯೂರಿ’ 1875. ‘ಪಿನಫೋರ್’ 1878, 571 ಪ್ರದರ್ಶನ. ‘ಪೈರೇಟ್ಸ್’ ಲಂಡನ್ನಿನಲ್ಲಿ 1880ರಿಂದ 363. ‘ಪೇಷನ್ಸ್’ 1881, 578. ‘ಅಯೋಲ್ಯಾಂಥಿ’ 1882, 398. ‘ಮಿಕಾಡೊ’ 1885, 672, ಎಲ್ಲಕ್ಕಿಂತ ಹೆಚ್ಚು. ‘ಯೋಮನ್’ 1888, 423. ‘ಗಾಂಡೊಲಿಯರ್ಸ್’ 1889, 554. ಕೊನೆಯದು 1896ರ ‘ಗ್ರ್ಯಾಂಡ್ ಡ್ಯೂಕ್’, ಬರೀ 123. ಓಡದಿದ್ದದ್ದಕ್ಕೆ ಕಾರಣ ಓದಿದರೆ ತಿಳಿಯುತ್ತದೆ: ನಿಯಮಗಳು ಒಂದರ ಮೇಲೊಂದು ಬಂದು, ನೋಡುವವರಿಗೆ ಯಾವುದನ್ನು ನೆನಪಿಟ್ಟುಕೊಳ್ಳಬೇಕು ಎಂಬುದೇ ಗೊತ್ತಾಗುವುದಿಲ್ಲ.

ಗಿಲ್ಬರ್ಟ್ ನಿರ್ದೇಶಕನೂ ಹೌದೇ?

ಹೌದು. ಅವನನ್ನು ಬರಹಗಾರನಾಗಿ ಮಾತ್ರ ನೋಡಿದರೆ ಅರ್ಧ ಗಿಲ್ಬರ್ಟ್ ಕೈತಪ್ಪುತ್ತಾನೆ. ಮನೆಯಲ್ಲಿ ಒಂದು ಅಡಿಗೆ ಅರ್ಧ ಇಂಚಿನ ಅಳತೆಯಲ್ಲಿ ರಂಗದ ಮಾದರಿ ಇಟ್ಟುಕೊಂಡು, ಮರದ ತುಂಡುಗಳನ್ನೇ ಪಾತ್ರಗಳಾಗಿಸಿ ನಿಲ್ಲಿಸುತ್ತಿದ್ದ. ಗಂಡಸರಿಗೆ ಮೂರು ಇಂಚಿನ ತುಂಡು, ಅಂದರೆ ಆರಡಿ ಆಳು. ಹೆಂಗಸರಿಗೆ ಎರಡೂವರೆ ಇಂಚು, ಅಂದರೆ ಐದಡಿ. ಯಾರು ಯಾವ ಸಾಲಿಗೆ ಎಲ್ಲಿಂದ ಎಲ್ಲಿಗೆ ನಡೆಯಬೇಕು ಎಂಬುದು ತಾಲೀಮಿಗೆ ಮೊದಲೇ ತೀರ್ಮಾನವಾಗಿರುತ್ತಿತ್ತು. ಹಡಗಿನ ಮೇಲೆ ನಡೆಯುವ ‘ಪಿನಫೋರ್’ಗಾಗಿ ಪೋರ್ಟ್ಸ್‌ಮತ್ ಬಂದರಿಗೆ ಹೋಗಿ ‘ವಿಕ್ಟರಿ’ ಹಡಗಿನ ಅಟ್ಟ, ಹಗ್ಗ, ಏಣಿಗಳನ್ನು ಬಿಡಿಸಿಕೊಂಡು ಬಂದು ಹಾಗೆಯೇ ರಂಗಸಜ್ಜಿಕೆ ಮಾಡಿಸಿದ.

ನಟರಿಗೆ ಅವನ ಕಟ್ಟಪ್ಪಣೆ ಒಂದೇ: ನಗಿಸಲು ಹೋಗಬೇಡಿ. 1877ರ ‘ಎಂಗೇಜ್ಡ್’ ನಾಟಕದ ಮುನ್ನುಡಿಯಲ್ಲೇ, ಇದನ್ನು ಮೊದಲಿಂದ ಕೊನೆಯವರೆಗೆ ಪೂರ್ಣ ಗಾಂಭೀರ್ಯದಿಂದ ಆಡಬೇಕು, ಪಾತ್ರಗಳಿಗೆ ತಮ್ಮ ಮಾತು ಅಸಂಬದ್ಧ ಎಂಬ ಅರಿವೇ ಇರಬಾರದು ಎಂಬ ಅರ್ಥದಲ್ಲಿ ಬರೆದಿದ್ದಾನೆ. ಇಂದಿಗೂ ಹವ್ಯಾಸಿ ತಂಡಗಳು ಸೋಲುವುದು ಇಲ್ಲೇ. ನಟ ಕಣ್ಣು ಮಿಟುಕಿಸಿದ ಕ್ಷಣ ತರ್ಕ ಮುರಿಯುತ್ತದೆ, ಉಳಿಯುವುದು ಬರೀ ಕೋತಿಚೇಷ್ಟೆ.

ಸವಾಯ್ ಥಿಯೇಟರಿನ ವಿಶೇಷವೇನು?

ಈ ಆಪರಾಗಳಿಗೆಂದೇ ಕಾರ್ಟ್ ಕಟ್ಟಿಸಿ 1881ರ ಅಕ್ಟೋಬರ್ 10ರಂದು ತೆರೆದ ಥಿಯೇಟರ್ ಅದು. ಪೂರ್ತಿ ವಿದ್ಯುತ್ ದೀಪದಿಂದ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡ; ಜೋಸೆಫ್ ಸ್ವಾನ್ ಕಂಡುಹಿಡಿದ ಸುಮಾರು 1,200 ಬಲ್ಬುಗಳಿದ್ದವು. ಗ್ಯಾಸ್ ದೀಪದ ಥಿಯೇಟರುಗಳಲ್ಲಿ ಸೆಕೆ, ಹೊಗೆ, ಬೆಂಕಿಯ ಭಯ ಮೂರೂ ಇರುತ್ತಿದ್ದವು. ಜನರ ಅಂಜಿಕೆ ಬಿಡಿಸಲು ಕಾರ್ಟ್ ಉರಿಯುವ ಬಲ್ಬನ್ನು ರಂಗದ ಮೇಲೇ ಒಡೆದು, ಬೆಂಕಿ ಹತ್ತುವುದಿಲ್ಲ ಎಂದು ತೋರಿಸಿದ.

ಅಮೆರಿಕದಲ್ಲಿ ಕೃತಿಚೌರ್ಯದ ಗಲಾಟೆ ಏನಾಗಿತ್ತು?

ಆಗ ಅಮೆರಿಕದಲ್ಲಿ ಪರದೇಶದವರ ಕೃತಿಗೆ ಹಕ್ಕು ಇರಲಿಲ್ಲ. ‘ಪಿನಫೋರ್’ ಅನ್ನು ಕಂಡಕಂಡ ಕಂಪನಿಗಳೆಲ್ಲ ಆಡಿ ದುಡ್ಡು ಬಾಚಿದವು. ಬರೆದವರ ಕೈಗೆ ಬಿಡಿಗಾಸೂ ಬರಲಿಲ್ಲ. ಅದಕ್ಕೇ ‘ಪೈರೇಟ್ಸ್’ ಅನ್ನು 1879ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲೇ ಮೊದಲು ಆಡಿದರು. ಬ್ರಿಟನ್ನಿನ ಹಕ್ಕು ಕೈಬಿಡದಂತೆ ಹಿಂದಿನ ದಿನ ಡೆವನ್‌ನ ಪೇನ್ಟನ್ ಊರಿನಲ್ಲಿ ಒಂದೇ ಒಂದು ಪ್ರದರ್ಶನ. ಅಲ್ಲಿದ್ದದ್ದು ‘ಪಿನಫೋರ್’ ಆಡುತ್ತಿದ್ದ ತಂಡ. ಅವೇ ನಾವಿಕರ ಬಟ್ಟೆ, ತಲೆಗೆ ಕರವಸ್ತ್ರ ಕಟ್ಟಿಕೊಂಡರೆ ಕಡಲ್ಗಳ್ಳರು, ಕೈಯಲ್ಲಿ ಹಾಡಿನ ಕಾಗದ. ಸಲಿವನ್ ಮೊದಲ ಅಂಕದ ಸಂಗೀತವನ್ನು ಇಂಗ್ಲೆಂಡಿನಲ್ಲೇ ಮರೆತು ಬಂದಿದ್ದ. ನ್ಯೂಯಾರ್ಕಿನಲ್ಲಿ ನೆನಪಿನಿಂದ ಮತ್ತೆ ಬರೆದ.

ಜಮಖಾನದ ಜಗಳ ಅಂತಾರಲ್ಲ, ಅದೇನು?

1890ರಲ್ಲಿ ‘ಗಾಂಡೊಲಿಯರ್ಸ್’ ತುಂಬಿದ ಗೃಹದಲ್ಲಿ ಓಡುತ್ತಿತ್ತು. ಖರ್ಚು ಕಳೆದು ಉಳಿದ ಲಾಭದಲ್ಲಿ ಮೂವರಿಗೂ ಸಮಪಾಲು ಎಂಬುದು ಒಪ್ಪಂದ. ಆರಂಭದ ಖರ್ಚು 4,500 ಪೌಂಡ್ ಎಂದು ಲೆಕ್ಕ ಬಂತು. ಅದರಲ್ಲಿ ಥಿಯೇಟರಿನ ಮುಂಭಾಗಕ್ಕೆ ಹಾಸಿದ ಹೊಸ ಕಾರ್ಪೆಟ್ಟೂ ಸೇರಿತ್ತು. ಗಿಲ್ಬರ್ಟ್ ಅದು 500 ಪೌಂಡ್ ಎಂದುಕೊಂಡಿದ್ದ; ನಿಜವಾದ ಬೆಲೆ 140. ಆದರೆ ತಕರಾರು ಮೊತ್ತದ್ದಲ್ಲ. ಕಟ್ಟಡ ಕಾರ್ಟ್‌ನದು, ಅದರ ನೆಲಹಾಸಿಗೆ ನಾವೇಕೆ ಕೊಡಬೇಕು ಎಂಬುದು ಅವನ ವಾದ. ಸಲಿವನ್ ಕಾರ್ಟ್ ಕಡೆ ನಿಂತು ಪ್ರಮಾಣಪತ್ರ ಕೊಟ್ಟ, ಅದರಲ್ಲಿ ಒಂದು ತಪ್ಪು ಹೇಳಿಕೆ ಇತ್ತು. ಗಿಲ್ಬರ್ಟನಿಗೆ ಹತ್ತಿದ ನೋವು ಅದು. ಕೋರ್ಟಿನಲ್ಲಿ ಅವನಿಗೆ ನ್ಯಾಯ ಸಿಕ್ಕಿತು, ಸ್ನೇಹ ಹೋಯಿತು. ಮುಂದೆ ಎರಡು ಆಪರಾ ಒಟ್ಟಿಗೆ ಮಾಡಿದರೂ ಹಳೆಯ ಹದ ಮರಳಲಿಲ್ಲ. ಗಿಲ್ಬರ್ಟ್ ಮುಂಗೋಪಿ, ನಿಜ. ಆದರೆ ಲೆಕ್ಕ ಕೇಳಿದ್ದು ತಪ್ಪಲ್ಲ.

ಇವರಿಬ್ಬರ ಮುನಿಸಿನ ನಡುವೆ, 1891ರಲ್ಲಿ, ಸವಾಯ್ ಥಿಯೇಟರಿನಲ್ಲಿ ಭಾರತದ ಕತೆಯೊಂದು ರಂಗಕ್ಕೆ ಬಂತು: ‘ದಿ ನಾಚ್ ಗರ್ಲ್’. ಗಿಲ್ಬರ್ಟನದೆಂದು ಕೆಲವರು ತಪ್ಪು ತಿಳಿಯುವುದುಂಟು. ಬರೆದವನು ಜಾರ್ಜ್ ಡ್ಯಾನ್ಸ್, ಸಂಗೀತ ಎಡ್ವರ್ಡ್ ಸಾಲೊಮನ್‌ನದು.

‘ಮಿಕಾಡೊ’ ಜಪಾನೀಯರನ್ನು ಅಣಕಿಸುತ್ತದೆಯೇ?

ಗಿಲ್ಬರ್ಟ್ ಚುಚ್ಚುತ್ತಿದ್ದದ್ದು ಇಂಗ್ಲೆಂಡಿನ ಅಧಿಕಾರಿಗಳನ್ನು. ಮುಂದೆ ತಲೆ ಹೋಗಬೇಕಾದವನನ್ನೇ ತಲೆ ಕಡಿಯುವ ಅಧಿಕಾರಿಯಾಗಿ ನೇಮಿಸಿ, ತನ್ನ ತಲೆ ಕಡಿದುಕೊಳ್ಳದೆ ಬೇರೆಯವರದನ್ನು ಕಡಿಯುವ ಹಾಗಿಲ್ಲ ಎಂದು ಕಾನೂನು ಮಾಡಿಕೊಳ್ಳುವ ಊರು ಅದು. ಆದರೆ ಉದ್ದೇಶ ಬೇರೆ, ರಂಗದ ಮೇಲೆ ಕಾಣುವುದು ಬೇರೆ. ಬಿಳಿಯರು ಕಣ್ಣಿಗೆ ಬಣ್ಣ ಬಳಿದು ಜಪಾನೀಯರಾಗುವುದು, ಪಾತ್ರಗಳಿಗೆ ಮಕ್ಕಳ ಮಾತಿನಂಥ ಹೆಸರಿಡುವುದು ಇಂದು ನೋಯಿಸುತ್ತದೆ. 2015ರಲ್ಲಿ ನ್ಯೂಯಾರ್ಕಿನ ತಂಡವೊಂದು ಇದೇ ಆಕ್ಷೇಪಕ್ಕೆ ಪ್ರದರ್ಶನ ಕೈಬಿಟ್ಟಿತು. ಜಪಾನಿನ ರಾಜಕುಮಾರ ಫುಶಿಮಿ ಬಂದಿದ್ದಾಗ, 1907ರಲ್ಲಿ, ಬ್ರಿಟಿಷ್ ಸರ್ಕಾರವೇ ಕೆಲವು ವಾರ ಅನುಮತಿ ಹಿಂತೆಗೆದಿತ್ತು. ಹಾಡಿನಲ್ಲಿದ್ದ, ಕಪ್ಪು ಜನರನ್ನು ಹೀಯಾಳಿಸುವ ಪದವನ್ನು 1948ರಲ್ಲಿ ಬದಲಿಸಲಾಯಿತು; ಹಳೆಯ ಪ್ರತಿ ಹಿಡಿದು ಆಡುವವರು ಇದನ್ನು ನೋಡಿಕೊಳ್ಳಬೇಕು.

ಲಂಡನ್ನಿನ ನೈಟ್ಸ್‌ಬ್ರಿಜ್‌ನಲ್ಲಿದ್ದ ಜಪಾನೀ ಹಳ್ಳಿಯ ಪ್ರದರ್ಶನ ನೋಡಿ ಕತೆ ಹೊಳೆಯಿತು ಎಂಬುದು ಸುಳ್ಳು. ಅದು ತೆರೆದದ್ದು 1885ರ ಜನವರಿಯಲ್ಲಿ, ಗಿಲ್ಬರ್ಟ್ ಬರೆಯತೊಡಗಿದ್ದು ಹಿಂದಿನ ವರ್ಷ. ಬೀಸಣಿಗೆ ಹಿಡಿಯುವುದು, ನಡೆಯುವುದನ್ನು ನಟಿಯರಿಗೆ ಕಲಿಸಲು ಮಾತ್ರ ಅಲ್ಲಿಂದ ಒಬ್ಬ ಹುಡುಗಿಯನ್ನು ಕರೆಸಿದ್ದ.

ಅವನ ಮೇಲಿರುವ ಇನ್ನೊಂದು ದೂರೂ ನ್ಯಾಯವಾದದ್ದೇ: ವಯಸ್ಸಾದ ಹೆಂಗಸರ ರೂಪವನ್ನು ಆಡಿಕೊಳ್ಳುವ ಚಾಳಿ. ‘ಪೈರೇಟ್ಸ್’ನ ರೂತ್, ‘ಮಿಕಾಡೊ’ದ ಕಟೀಶಾ ನೋಡಿದರೆ ಸಾಕು. ಕಟೀಶಾಗೆ ಸಲಿವನ್‌ನ ಸಂಗೀತ ಘನತೆ ಕೊಟ್ಟಿದೆ. ಒಳ್ಳೆಯ ನಟಿ ಅದನ್ನೇ ಹಿಡಿದು ಪಾತ್ರ ಉಳಿಸುತ್ತಾಳೆ.

ಅವನ ಕೊನೆ ಹೇಗಾಯಿತು?

1890ರಿಂದ ಹ್ಯಾರೋ ವೀಲ್ಡ್‌ನ ‘ಗ್ರಿಮ್ಸ್ ಡೈಕ್’ ಮನೆಯಲ್ಲಿ ಹೆಂಡತಿ ಲೂಸಿಯ ಜೊತೆ ಇದ್ದ. ಸಲಿವನ್‌ಗೆ 1883ರಲ್ಲೇ ಬಂದಿದ್ದ ‘ಸರ್’ ಪದವಿ ಇವನಿಗೆ ಬಂದದ್ದು 1907ರಲ್ಲಿ. 1911ರ ಮೇ 29ರಂದು ಮನೆಯ ಕೊಳದಲ್ಲಿ ಇಬ್ಬರು ಹುಡುಗಿಯರಿಗೆ ಈಜು ಕಲಿಸಲು ಇಳಿದಿದ್ದ. ಒಬ್ಬಳು ಕಾಲು ನಿಲುಕದೆ ಕೂಗಿಕೊಂಡಾಗ ಅವಳತ್ತ ಈಜಿದ. ಹುಡುಗಿ ಉಳಿದಳು. ಅವನ ಹೃದಯ ನಿಂತಿತು. ವಯಸ್ಸು 74.

ನಮ್ಮ ತಂಡ ಆಡಬೇಕೆಂದಿದೆ. ಯಾವುದರಿಂದ ಶುರು ಮಾಡಬೇಕು? ಹಕ್ಕಿನ ತೊಂದರೆ ಇದೆಯೇ?

ಭಾರತದಲ್ಲಿ ಲೇಖಕ ತೀರಿಹೋದ ಮೇಲೆ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಸಲಿವನ್ ತೀರಿಕೊಂಡದ್ದು 1900, ಗಿಲ್ಬರ್ಟ್ 1911. ಹಾಗಾಗಿ ಮೂಲ ಕೃತಿಗೆ ಯಾರ ಅನುಮತಿಯೂ ಬೇಡ. ಈಚಿನವರು ಮಾಡಿದ ಸಂಗೀತ ಸಂಯೋಜನೆ, ಅನುವಾದ, ಧ್ವನಿಮುದ್ರಣಗಳಿಗೆ ಬೇರೆ ಹಕ್ಕು ಇರಬಹುದು, ಅದನ್ನು ವಿಚಾರಿಸಿಕೊಳ್ಳಿ.

ಶುರು ಮಾಡಲು ‘ಟ್ರಯಲ್ ಬೈ ಜ್ಯೂರಿ’ಯೇ ಸರಿ. ಒಂದೇ ಅಂಕ, ಒಂದೇ ದೃಶ್ಯ, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಬೇಕಾಗುವವರು: ನ್ಯಾಯಾಧೀಶ, ಮಾತು ತಪ್ಪಿದ ವರ, ಪರಿಹಾರ ಕೇಳಿ ಬಂದ ವಧು, ಅವಳ ವಕೀಲ, ಕೋರ್ಟಿನ ಜವಾನ, ಜ್ಯೂರಿಯ ಮುಖಂಡ, ಜೊತೆಗೆ ಜ್ಯೂರಿಯವರು ಮತ್ತು ವಧುವಿನ ಗೆಳತಿಯರ ಮೇಳ. ಇಡೀ ಸರಣಿಯಲ್ಲಿ ಮಾತಿಲ್ಲದೆ ಪೂರ್ತಿ ಹಾಡಿನಲ್ಲೇ ನಡೆಯುವುದು ಇದೊಂದೇ. ಹಾಡಲು ಬಾರದ ನಟನನ್ನು ಮುಖ್ಯ ಪಾತ್ರಕ್ಕೆ ಹಾಕುವಂತಿಲ್ಲ. ಮೇಳದವರನ್ನು ಗೋಡೆಯ ಹಾಗೆ ನಿಲ್ಲಿಸಬೇಡಿ. ಗಿಲ್ಬರ್ಟನಲ್ಲಿ ಮೇಳವೂ ಒಂದು ಪಾತ್ರ, ಅದಕ್ಕೂ ಪಕ್ಷಪಾತ, ಹೊಟ್ಟೆಕಿಚ್ಚು ಎಲ್ಲ ಇದೆ.

ಪಟಪಟ ಹೇಳುವ ಪ್ಯಾಟರ್ ಹಾಡನ್ನು ಕಲಿಯುವುದು ಹೇಗೆ? ಕನ್ನಡಕ್ಕೆ ತರಬಹುದೇ?

ಮೊದಲು ರಾಗ ಮರೆತು ಮಾತನ್ನು ನಿಧಾನವಾಗಿ ಹೇಳಿ, ಪದದ ಕೊನೆಯ ವ್ಯಂಜನ ನುಂಗದಂತೆ. ಆಮೇಲೆ ಉಸಿರು ತೆಗೆದುಕೊಳ್ಳುವ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ. ನಂತರ ತಾಳ ಎಣಿಸುವ ಯಂತ್ರ ಮೆಟ್ರೊನೋಮ್ ಇಟ್ಟು, ಒಂದೂ ಪದ ತಪ್ಪದೆ ಮೂರು ಸಲ ಹೇಳಿದ ಮೇಲಷ್ಟೇ ವೇಗ ಒಂದು ಮೆಟ್ಟಿಲು ಏರಿಸಿ. ರಾಗ ಕೊನೆಗೆ. ರಾಗದಿಂದ ಶುರು ಮಾಡಿದವರು ಎರಡನೆಯ ಚರಣದಲ್ಲಿ ಉಸಿರು ಕಟ್ಟಿ ನಿಲ್ಲುತ್ತಾರೆ. ವಾದ್ಯ ಜೋರಾಯಿತೆಂದರೆ ಎಲ್ಲ ಶ್ರಮವೂ ನೀರುಪಾಲು. ಜನ ಬಂದಿರುವುದು ಮಾತು ಕೇಳಲಿಕ್ಕೆ.

ಕನ್ನಡದ ಕಷ್ಟ ಬೇರೆ ಬಗೆಯದು. ‘ಪೈರೇಟ್ಸ್’ನ ಮೇಜರ್ ಜನರಲ್ ಹಾಡಿನ ಪ್ರತಿ ಸಾಲಿಗೆ 16 ಅಕ್ಷರ, ಹೆಚ್ಚುಕಡಿಮೆ ಅಕ್ಷರಕ್ಕೊಂದು ಸಮನಾದ ಸ್ವರ, ಸಾಲಿನ ಕೊನೆಗೆ ಮೂರು ಅಕ್ಷರದ ಅಂತ್ಯಪ್ರಾಸ. ಗುರು ಬಂದ ಕಡೆ ನಾಲಗೆ ಎರಡು ಮಾತ್ರೆ ಕೇಳುತ್ತದೆ, ರಾಗ ಕೊಡುವುದು ಒಂದೇ. ಆದ್ದರಿಂದ ಲಘು ತುಂಬಿದ ಪದಗಳನ್ನೇ ಹುಡುಕಬೇಕು. ಹಾಗೆಂದು ‘ಅಳತೆ’, ‘ತಿಳಿದು’, ‘ಕಲಿತು’ ಎಂದು ಮೂರಕ್ಷರದವನ್ನೇ ಸಾಲಾಗಿ ಇಟ್ಟರೆ ನಡೆ ತಿಶ್ರಕ್ಕೆ, ಅಂದರೆ ಮೂರರ ಎಣಿಕೆಗೆ, ಜಾರುತ್ತದೆ. ಹಾಡಿನ ನಡೆ ಚತುರಶ್ರ, ಅಂದರೆ ನಾಲ್ಕರದು. ಎರಡು, ನಾಲ್ಕು ಅಕ್ಷರದ ಪದಗಳನ್ನು ಬೆರೆಸಿದರೆ ಕೂಡುತ್ತದೆ. ಪ್ರಾಸಕ್ಕೆ ಕ್ರಿಯಾಪದದ ಬಾಲ ಹಿಡಿಯುವುದು ಸುಲಭದ ದಾರಿ, ‘ಮಾಡುವೆನು, ಹಾಡುವೆನು’ ಅಂತ. ನಾಲ್ಕು ಸಾಲಿಗೇ ಅದು ಸಪ್ಪೆಯಾಗುತ್ತದೆ, ಏಕೆಂದರೆ ಮುಂದಿನ ಪ್ರಾಸ ಕೇಳುವವನಿಗೆ ಮೊದಲೇ ಗೊತ್ತು. ನಾಮಪದಕ್ಕೆ ಕ್ರಿಯಾಪದವನ್ನು, ಸಂಸ್ಕೃತದ ಪದಕ್ಕೆ ಅಚ್ಚಗನ್ನಡದ್ದನ್ನು ಜೋಡಿಸಿ ನೋಡಿ.